ಬ್ಯಾಕ್ಟೀರಿಯಾ ಮತ್ತು ಆರ್ಕಿಯಾಗಳ ನಡುವಿನ ವ್ಯತ್ಯಾಸಗಳು

ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಕೋಶಕೇಂದ್ರವಿಲ್ಲದ ಸೂಕ್ಷ್ಮಜೀವಿಗಳ ಎರಡು ಪ್ರತ್ಯೇಕ ಗುಂಪುಗಳು. ಇವೆರಡನ್ನೂ ಒಟ್ಟಾಗಿ ಪ್ರೋಕ್ಯಾರಿಯೋಟ್‌ಗಳು ಎಂದು ಕರೆಯುವುದು ವಾಡಿಕೆ. ಗಾತ್ರದಲ್ಲಿಯೂ ಆಕಾರದಲ್ಲಿಯೂ ಇವು ಒಂದನ್ನೊಂದು ಬಹಳವಾಗಿ ಹೋಲುವುದರಿಂದ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿ ಇವುಗಳನ್ನು ಬೇರ್ಪಡಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಆದಕಾರಣ 1977ರವರೆಗೆ ಆರ್ಕಿಯಾಗಳನ್ನು ಬ್ಯಾಕ್ಟೀರಿಯಾಗಳ ಒಂದು ಭಾಗವೆಂದೇ ಎಣಿಸಲಾಗಿತ್ತು. ಕೋಶಪೊರೆಯ ರಾಸಾಯನಿಕ ರಚನೆ, ಕೋಶಭಿತ್ತಿಯ ಘಟಕಗಳು, ಡಿಎನ್‌ಎಯ ಮಾಹಿತಿಯನ್ನು ಓದುವ ಕಿಣ್ವಗಳು ಮತ್ತು ಶಕ್ತಿಯನ್ನು ಪಡೆಯುವ ವಿಧಾನಗಳನ್ನು ಹೋಲಿಸಿದಾಗ ಮಾತ್ರ ಇವುಗಳ ನಡುವಿನ ಆಳವಾದ ಅಂತರ ತಿಳಿಯುತ್ತದೆ. ಹಲವು ವಿಷಯಗಳಲ್ಲಿ ಆರ್ಕಿಯಾಗಳು ಬ್ಯಾಕ್ಟೀರಿಯಾಗಳಿಗಿಂತ ಸಸ್ಯ, ಪ್ರಾಣಿ ಮತ್ತು ಶಿಲೀಂಧ್ರಗಳನ್ನು ಒಳಗೊಂಡ ಯೂಕ್ಯಾರಿಯೋಟ್‌ಗಳಿಗೆ ಹೆಚ್ಚು ಹತ್ತಿರವಾಗಿವೆ.

## ಪ್ರೋಕ್ಯಾರಿಯೋಟ್ ಎಂಬ ಪರಿಕಲ್ಪನೆ

ಹಾಲೆಂಡಿನ ಆಂಟೊನಿ ವಾನ್ ಲೀವನ್‌ಹುಕ್ ಅವರು 1676ರಲ್ಲಿ ತಾವೇ ಉಜ್ಜಿ ತಯಾರಿಸಿದ ಮಸೂರಗಳ ಮೂಲಕ ಬ್ಯಾಕ್ಟೀರಿಯಾಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದರು. ಅಲ್ಲಿಂದ ಮುಂದೆ ಬಹುಕಾಲ ಸೂಕ್ಷ್ಮಜೀವಿಗಳನ್ನು ವರ್ಗೀಕರಿಸಲು ಇದ್ದ ಆಧಾರಗಳು ಕೆಲವೇ: ಆಕಾರ, ಚಲನೆ, ಬಣ್ಣ ಹಿಡಿಯುವ ಬಗೆ ಮತ್ತು ಬೆಳೆಯಲು ಬೇಕಾಗುವ ಆಹಾರ. ಗೋಲಾಕಾರ, ದಂಡಾಕಾರ, ಸುರುಳಿ ಎಂಬ ಕೆಲವೇ ಆಕಾರಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಲೋಕದಲ್ಲಿ ಈ ಆಧಾರಗಳು ರಕ್ತಸಂಬಂಧವನ್ನು ತೋರಿಸಿಕೊಡಲಾರವು.

ಫ್ರಾನ್ಸಿನ ಜೀವಶಾಸ್ತ್ರಜ್ಞ ಎಡುವಾರ್ ಷಾಟನ್ ಅವರು 1925ರಲ್ಲಿ ಪ್ರೋಕ್ಯಾರಿಯೋಟ್ ಮತ್ತು ಯೂಕ್ಯಾರಿಯೋಟ್ ಎಂಬ ಪದಗಳನ್ನು ಬಳಸಿದರು. ಗ್ರೀಕ್ ಭಾಷೆಯಲ್ಲಿ 'ಕಾರ್ಯಾನ್' ಎಂದರೆ ಕಾಯಿಯ ಒಳಗಿನ ತಿರುಳು; ಇಲ್ಲಿ ಅದು ಕೋಶಕೇಂದ್ರವನ್ನು ಸೂಚಿಸುತ್ತದೆ. 1962ರಲ್ಲಿ ರೋಜರ್ ಸ್ಟೇನಿಯರ್ ಮತ್ತು ಸಿ. ಬಿ. ವಾನ್ ನೀಲ್ ಅವರು ಈ ವಿಭಾಗಕ್ಕೆ ಖಚಿತವಾದ ವ್ಯಾಖ್ಯೆ ನೀಡಿದ ಮೇಲೆ ಅದು ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿರುವ ಜೀವಿಗಳೆಲ್ಲ ಯೂಕ್ಯಾರಿಯೋಟ್‌ಗಳು, ಅದು ಇಲ್ಲದವೆಲ್ಲ ಪ್ರೋಕ್ಯಾರಿಯೋಟ್‌ಗಳು ಎಂಬುದು ಅದರ ಸಾರ.

ಈ ವ್ಯಾಖ್ಯೆಯಲ್ಲಿ ಒಂದು ದೌರ್ಬಲ್ಯವಿದೆ. ಪ್ರೋಕ್ಯಾರಿಯೋಟ್ ಎಂಬುದು ಇರುವ ಲಕ್ಷಣವನ್ನು ಆಧರಿಸಿದ ಹೆಸರಲ್ಲ, ಇಲ್ಲದ ಲಕ್ಷಣವನ್ನು ಆಧರಿಸಿದ ಹೆಸರು. ಬೆನ್ನೆಲುಬಿಲ್ಲ ಎಂಬ ಕಾರಣಕ್ಕೆ ಎರೆಹುಳು, ಜೇಡ ಮತ್ತು ನಕ್ಷತ್ರಮೀನುಗಳನ್ನು ಅಕಶೇರುಕಗಳು ಎಂದು ಒಟ್ಟಿಗೆ ಕರೆಯುತ್ತಾರೆ. ಆದರೆ ವಿಕಾಸದ ದೃಷ್ಟಿಯಲ್ಲಿ ನಕ್ಷತ್ರಮೀನು ಜೇಡಕ್ಕಿಂತ ಮನುಷ್ಯನಿಗೇ ಹತ್ತಿರದ ಸಂಬಂಧಿ. ಹಾಗೆಯೇ ಕೋಶಕೇಂದ್ರವಿಲ್ಲದ ಎರಡು ಜೀವಿಗಳು ಒಂದೇ ವಂಶಕ್ಕೆ ಸೇರಿರಬೇಕೆಂಬ ನಿಯಮವಿಲ್ಲ.

## ಆರ್ಕಿಯಾಗಳ ಶೋಧ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಅವರು 1960ರ ದಶಕದ ಕೊನೆಯಲ್ಲಿ ಜೀವಿಗಳ ಸಂಬಂಧವನ್ನು ಅಣುಗಳ ಮೂಲಕ ತಿಳಿಯುವ ಪ್ರಯತ್ನವನ್ನು ಆರಂಭಿಸಿದರು. ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮ್ ಎಲ್ಲ ಜೀವಕೋಶಗಳಲ್ಲಿಯೂ ಇದೆ. ಅದರಲ್ಲಿರುವ ಆರ್‌ಎನ್‌ಎ ಬಹಳ ನಿಧಾನವಾಗಿ ಬದಲಾಗುತ್ತದೆ. ಆದುದರಿಂದ ಎರಡು ಜೀವಿಗಳ ರೈಬೋಸೋಮ್ ಆರ್‌ಎನ್‌ಎಗಳನ್ನು ಹೋಲಿಸಿದರೆ ಅವುಗಳ ವಂಶಗಳು ಎಷ್ಟು ಹಿಂದೆ ಕವಲೊಡೆದವು ಎಂಬುದನ್ನು ಅಂದಾಜು ಮಾಡಬಹುದು. ಆಗ ಆರ್‌ಎನ್‌ಎಯ ಪೂರ್ಣ ಅನುಕ್ರಮವನ್ನು ನೇರವಾಗಿ ಓದುವ ಸುಲಭ ವಿಧಾನವಿರಲಿಲ್ಲ. ಜೀವಿಗಳನ್ನು ವಿಕಿರಣಶೀಲ ರಂಜಕದಲ್ಲಿ ಬೆಳೆಸಿ, ಅವುಗಳ ಆರ್‌ಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ಛಾಯಾಚಿತ್ರ ಫಿಲ್ಮಿನ ಮೇಲೆ ಮೂಡುವ ಚುಕ್ಕೆಗಳಿಂದ ಒಂದೊಂದು ತುಂಡನ್ನೂ ಗುರುತಿಸಬೇಕಾಗಿತ್ತು. ಒಂದು ಜೀವಿಯ ವಿಶ್ಲೇಷಣೆಗೆ ತಿಂಗಳುಗಳೇ ಹಿಡಿಯುತ್ತಿದ್ದವು.

1976ರಲ್ಲಿ ಅದೇ ವಿಶ್ವವಿದ್ಯಾಲಯದ ರಾಲ್ಫ್ ವುಲ್ಫ್ ಅವರ ಪ್ರಯೋಗಾಲಯದಲ್ಲಿ ಬೆಳೆಸಿದ, ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಯೊಂದನ್ನು ವೋಸ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಫಾಕ್ಸ್ ಪರೀಕ್ಷಿಸಿದರು. ಎಲ್ಲ ಬ್ಯಾಕ್ಟೀರಿಯಾಗಳಲ್ಲಿಯೂ ಕಂಡುಬರುತ್ತಿದ್ದ ಕೆಲವು ಆರ್‌ಎನ್‌ಎ ತುಂಡುಗಳು ಅದರಲ್ಲಿ ಇರಲಿಲ್ಲ. ಯೂಕ್ಯಾರಿಯೋಟ್‌ಗಳ ಗುರುತುಗಳೂ ಅದಕ್ಕೆ ಹೊಂದಲಿಲ್ಲ. ಇನ್ನಿತರ ಮೀಥೇನ್ ಜನಕಗಳಲ್ಲಿಯೂ ಇದೇ ಫಲಿತಾಂಶ ದೊರೆಯಿತು. 1977ರಲ್ಲಿ ವೋಸ್ ಮತ್ತು ಫಾಕ್ಸ್ ಈ ಜೀವಿಗಳು ಬ್ಯಾಕ್ಟೀರಿಯಾಗಳಲ್ಲದ ಮೂರನೆಯ ಮೂಲವಂಶವೆಂದು ಪ್ರಕಟಿಸಿ 'ಆರ್ಕಿಬ್ಯಾಕ್ಟೀರಿಯಾ' ಎಂಬ ಹೆಸರನ್ನು ಸೂಚಿಸಿದರು. ಆ ವರ್ಷದ ನವೆಂಬರ್ 3ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಈ ಸುದ್ದಿ ಬಂದಿತು. ಆದರೂ ಹಲವು ಜೀವಶಾಸ್ತ್ರಜ್ಞರು ಒಂದೇ ಅಣುವಿನ ಆಧಾರದ ಮೇಲೆ ಇಷ್ಟು ದೊಡ್ಡ ನಿರ್ಣಯಕ್ಕೆ ಬರುವುದನ್ನು ಒಪ್ಪಲಿಲ್ಲ.

ಮುಂದಿನ ವರ್ಷಗಳಲ್ಲಿ ಬೇರೆ ದಿಕ್ಕುಗಳಿಂದ ಸಾಕ್ಷ್ಯ ಕೂಡಿಬಂದಿತು. ಜರ್ಮನಿಯ ಒಟ್ಟೊ ಕಾಂಡ್ಲರ್ ಅವರು ಮೀಥೇನ್ ಜನಕಗಳ ಕೋಶಭಿತ್ತಿಯಲ್ಲಿ ಬ್ಯಾಕ್ಟೀರಿಯಾಗಳ ಸಾಮಾನ್ಯ ಘಟಕವಾದ ಪೆಪ್ಟಿಡೋಗ್ಲೈಕಾನ್ ಇಲ್ಲವೆಂದು ತೋರಿಸಿದ್ದರು. ಅದೇ ದೇಶದ ವೋಲ್ಫ್ರಾಮ್ ಸಿಲ್ಲಿಗ್ ಅವರು ಆರ್ಕಿಯಾಗಳ ಆರ್‌ಎನ್‌ಎ ಪಾಲಿಮರೇಸ್ ಕಿಣ್ವವು ಯೂಕ್ಯಾರಿಯೋಟ್‌ಗಳ ಕಿಣ್ವವನ್ನು ಹೋಲುತ್ತದೆಂದು ಕಂಡುಕೊಂಡರು. 1990ರಲ್ಲಿ ವೋಸ್, ಕಾಂಡ್ಲರ್ ಮತ್ತು ಮಾರ್ಕ್ ವೀಲಿಸ್ ಅವರು ಜೀವಲೋಕವನ್ನು ಬ್ಯಾಕ್ಟೀರಿಯಾ, ಆರ್ಕಿಯಾ ಮತ್ತು ಯೂಕ್ಯಾರಿಯಾ ಎಂಬ ಮೂರು ಡೊಮೇನ್‌ಗಳಾಗಿ ವಿಂಗಡಿಸಿದರು. ಹೊಸ ಗುಂಪು ಬ್ಯಾಕ್ಟೀರಿಯಾಗಳ ಒಂದು ಬಗೆಯೆಂಬ ತಪ್ಪು ಕಲ್ಪನೆ ಬಾರದಿರಲೆಂದು ಅದರ ಹೆಸರಿನಿಂದ 'ಬ್ಯಾಕ್ಟೀರಿಯಾ' ಎಂಬ ಭಾಗವನ್ನು ಕೈಬಿಟ್ಟರು. 1996ರಲ್ಲಿ ಮೆಥನೋಕಾಕಸ್ ಜನ್ನಾಷಿಯ ಪೂರ್ಣ ಜೀನೋಮ್ ಪ್ರಕಟವಾಯಿತು. ಆರ್ಕಿಯಾ ಒಂದರ ಜೀನೋಮನ್ನು ಪೂರ್ಣವಾಗಿ ಓದಿದ್ದು ಅದೇ ಮೊದಲು. ಅದರ ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಕಾರ್ಯವನ್ನು ಆಗ ತಿಳಿದಿದ್ದ ಜೀನ್‌ಗಳೊಂದಿಗೆ ಹೋಲಿಸಿ ಗುರುತಿಸಲಾಗಲಿಲ್ಲ.

## ಸಮಾನ ಲಕ್ಷಣಗಳು

ಎರಡೂ ಗುಂಪಿನ ಹೆಚ್ಚಿನ ಜೀವಿಗಳು 0.5ರಿಂದ 5 ಮೈಕ್ರೊಮೀಟರ್ ಗಾತ್ರದವು. ಎರಡರಲ್ಲಿಯೂ ಡಿಎನ್‌ಎ ಸಾಮಾನ್ಯವಾಗಿ ಉಂಗುರದಂತಿರುವ ಒಂದು ವರ್ಣತಂತುವಿನ ರೂಪದಲ್ಲಿ ಕೋಶದ್ರವ್ಯದಲ್ಲಿಯೇ ಇರುತ್ತದೆ. ಮೈಟೊಕಾಂಡ್ರಿಯದಂತಹ ಕಣದಂಗಗಳು ಇಲ್ಲ. ಎರಡರ ರೈಬೋಸೋಮ್‌ಗಳೂ 70ಎಸ್ ಗಾತ್ರದವು. ಒಂದು ಕೋಶ ಎರಡಾಗಿ ಒಡೆಯುವ ಮೂಲಕ ಇವು ಸಂತಾನಾಭಿವೃದ್ಧಿ ಹೊಂದುತ್ತವೆ. ಗಂಡು ಹೆಣ್ಣುಗಳ ಲೈಂಗಿಕ ಸಂತಾನೋತ್ಪತ್ತಿ ಇಲ್ಲ. ಪರಸ್ಪರ ಕೆಲಸ ಮಾಡುವ ಜೀನ್‌ಗಳು ಸಾಲಾಗಿ ಜೋಡಣೆಗೊಂಡು ಒಟ್ಟಿಗೆ ನಕಲಾಗುವ ಆಪರಾನ್ ವ್ಯವಸ್ಥೆಯೂ ಎರಡರಲ್ಲಿದೆ. ಕಾಲಾಂತರದಲ್ಲಿ ಎರಡು ಗುಂಪುಗಳ ನಡುವೆ ಜೀನ್‌ಗಳ ವಿನಿಮಯವೂ ನಡೆದಿದೆ.

ಮೇಲಿನ ಲಕ್ಷಣಗಳೆಲ್ಲ ಕೋಶದ ಒಟ್ಟು ವಿನ್ಯಾಸಕ್ಕೆ ಸಂಬಂಧಿಸಿದವು. ವ್ಯತ್ಯಾಸಗಳು ಆ ವಿನ್ಯಾಸವನ್ನು ಕಟ್ಟಿರುವ ಅಣುಗಳಲ್ಲಿವೆ.

## ಕೋಶಪೊರೆ

ಎರಡು ಗುಂಪುಗಳ ನಡುವಿನ ಅತ್ಯಂತ ಸ್ಪಷ್ಟವಾದ ವ್ಯತ್ಯಾಸ ಕೋಶಪೊರೆಯ ಲಿಪಿಡ್‌ಗಳಲ್ಲಿದೆ. ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ನೇರ ಸರಪಳಿಯ ಕೊಬ್ಬಿನಾಮ್ಲಗಳು ಗ್ಲಿಸರಾಲ್‌ಗೆ ಎಸ್ಟರ್ ಬಂಧದಿಂದ ಅಂಟಿಕೊಂಡಿರುತ್ತವೆ. ಆರ್ಕಿಯಾಗಳಲ್ಲಿ ಕೊಬ್ಬಿನಾಮ್ಲಗಳ ಸ್ಥಾನದಲ್ಲಿ ಐಸೊಪ್ರೀನ್ ಘಟಕಗಳಿಂದಾದ ಕವಲುಳ್ಳ ಸರಪಳಿಗಳಿದ್ದು, ಅವು ಈಥರ್ ಬಂಧದಿಂದ ಜೋಡಣೆಗೊಂಡಿರುತ್ತವೆ. ಈಥರ್ ಬಂಧವು ಶಾಖಕ್ಕೂ ಆಮ್ಲಕ್ಕೂ ಸುಲಭವಾಗಿ ಮುರಿಯುವುದಿಲ್ಲ.

ಇನ್ನೊಂದು ವ್ಯತ್ಯಾಸ ಗ್ಲಿಸರಾಲ್‌ಗೆ ಫಾಸ್ಫೇಟ್ ಅಂಟಿಕೊಳ್ಳುವ ಬಗೆಯಲ್ಲಿದೆ. ಎರಡು ಗುಂಪುಗಳ ಗ್ಲಿಸರಾಲ್ ಫಾಸ್ಫೇಟ್ ಅಣುಗಳು ಎಡಗೈ ಮತ್ತು ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಯ ಪ್ರತಿಬಿಂಬವಾಗಿವೆ. ಇವನ್ನು ತಯಾರಿಸುವ ಕಿಣ್ವಗಳೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಕೆಲವು ಬ್ಯಾಕ್ಟೀರಿಯಾಗಳು ಈಥರ್ ಬಂಧದ ಲಿಪಿಡ್‌ಗಳನ್ನು ತಯಾರಿಸುತ್ತವೆಯಾದರೂ ಅವುಗಳಲ್ಲಿಯೂ ಗ್ಲಿಸರಾಲ್ ಬ್ಯಾಕ್ಟೀರಿಯಾಗಳ ಮಾದರಿಯದೇ ಆಗಿರುತ್ತದೆ.

ಸಾಮಾನ್ಯ ಕೋಶಪೊರೆಯಲ್ಲಿ ಲಿಪಿಡ್‌ಗಳು ಎರಡು ಪದರಗಳಾಗಿ ನಿಂತಿರುತ್ತವೆ. ಅತಿಯಾದ ಶಾಖದಲ್ಲಿ ಈ ಪದರಗಳು ಸಡಿಲಗೊಳ್ಳುತ್ತವೆ. ಬಿಸಿನೀರಿನಲ್ಲಿ ಬಾಳುವ ಹಲವು ಆರ್ಕಿಯಾಗಳಲ್ಲಿ ಎದುರುಬದುರಿನ ಎರಡು ಲಿಪಿಡ್‌ಗಳ ಬಾಲಗಳು ಬೆಸೆದುಕೊಂಡು ಪೊರೆಯ ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಚಾಚಿದ ಒಂದೇ ಉದ್ದನೆಯ ಅಣುವಾಗುತ್ತವೆ. ಇಂತಹ ಏಕಪದರದ ಪೊರೆ ಶಾಖದಲ್ಲಿಯೂ ಬಿಗಿಯಾಗಿ ನಿಲ್ಲುತ್ತದೆ.

## ಕೋಶಭಿತ್ತಿ

ಬಹುತೇಕ ಎಲ್ಲ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನ್ ಎಂಬ ಬಲೆಯಂತಹ ವಸ್ತುವಿದೆ. ಸಕ್ಕರೆಯ ಸರಪಳಿಗಳನ್ನು ಅಮೈನೋ ಆಮ್ಲಗಳ ಸಣ್ಣ ತುಂಡುಗಳು ಅಡ್ಡಲಾಗಿ ಕಟ್ಟಿ ಈ ಬಲೆ ಸಿದ್ಧವಾಗುತ್ತದೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅವರು 1884ರಲ್ಲಿ ಪ್ರಕಟಿಸಿದ ಬಣ್ಣ ಹಾಕುವ ವಿಧಾನವು ಈ ಭಿತ್ತಿಯ ರಚನೆಯ ವ್ಯತ್ಯಾಸವನ್ನೇ ಆಧರಿಸಿ ಬ್ಯಾಕ್ಟೀರಿಯಾಗಳನ್ನು ಗ್ರಾಮ್ ಧನ ಮತ್ತು ಗ್ರಾಮ್ ಋಣ ಎಂದು ವಿಂಗಡಿಸುತ್ತದೆ.

ಯಾವ ಆರ್ಕಿಯಾದ ಭಿತ್ತಿಯೂ ಈ ಪೆಪ್ಟಿಡೋಗ್ಲೈಕಾನ್‌ನಿಂದ ಆಗಿಲ್ಲ. ಹೆಚ್ಚಿನ ಆರ್ಕಿಯಾಗಳ ಹೊರಮೈಯನ್ನು ಪ್ರೋಟೀನು ಅಥವಾ ಸಕ್ಕರೆ ಸೇರಿದ ಪ್ರೋಟೀನಿನ ಅಣುಗಳು ನೆಲಹಾಸಿನ ಕಲ್ಲುಗಳಂತೆ ಸಾಲಾಗಿ ಜೋಡಣೆಗೊಂಡು ಮುಚ್ಚಿರುತ್ತವೆ. ಇದನ್ನು ಎಸ್ ಪದರ ಎನ್ನುತ್ತಾರೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿಯೂ ಎಸ್ ಪದರವಿದೆ, ಆದರೆ ಅಲ್ಲಿ ಅದು ಪೆಪ್ಟಿಡೋಗ್ಲೈಕಾನ್ ಭಿತ್ತಿಯ ಮೇಲಿನ ಹೆಚ್ಚುವರಿ ಹೊದಿಕೆ. ಕೆಲವು ಮೀಥೇನ್ ಜನಕಗಳಲ್ಲಿ ಹುಸಿ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿದೆ. ನೋಟಕ್ಕೆ ಒಂದೇ ಬಗೆಯ ಬಲೆಯಾದರೂ ಅದರ ಸಕ್ಕರೆ, ಅಮೈನೋ ಆಮ್ಲ ಮತ್ತು ರಾಸಾಯನಿಕ ಬಂಧಗಳು ಬೇರೆ. ಕಣ್ಣೀರು, ಜೊಲ್ಲು ಮತ್ತು ಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೋಜೈಮ್ ಕಿಣ್ವವು ಬ್ಯಾಕ್ಟೀರಿಯಾಗಳ ಭಿತ್ತಿಯನ್ನು ಕತ್ತರಿಸುತ್ತದೆ, ಈ ಭಿತ್ತಿಯನ್ನು ಕತ್ತರಿಸಲಾರದು.

ಕೋಶಭಿತ್ತಿಯೇ ಇಲ್ಲದ ಜೀವಿಗಳು ಎರಡೂ ಗುಂಪಿನಲ್ಲಿವೆ. ಮೈಕೊಪ್ಲಾಸ್ಮ ಬ್ಯಾಕ್ಟೀರಿಯಾಗಳಿಗೂ ಥರ್ಮೊಪ್ಲಾಸ್ಮ ಆರ್ಕಿಯಾಗಳಿಗೂ ಪೊರೆಯೇ ಹೊರಮೈ.

## ಆನುವಂಶಿಕ ಮಾಹಿತಿಯ ನಿರ್ವಹಣೆ

ಡಿಎನ್‌ಎಯಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎಗೆ ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್ ಕಿಣ್ವವು ಬ್ಯಾಕ್ಟೀರಿಯಾಗಳಲ್ಲಿ ಐದು ಉಪಘಟಕಗಳ ಸರಳ ರಚನೆ. ನಕಲು ಎಲ್ಲಿಂದ ಆರಂಭವಾಗಬೇಕೆಂಬುದನ್ನು ಸಿಗ್ಮಾ ಎಂಬ ಇನ್ನೊಂದು ಪ್ರೋಟೀನು ಗುರುತಿಸಿಕೊಡುತ್ತದೆ. ಆರ್ಕಿಯಾಗಳಲ್ಲಿ ಈ ಕಿಣ್ವಕ್ಕೆ ಸುಮಾರು ಹನ್ನೆರಡು ಉಪಘಟಕಗಳಿವೆ. ಅದರ ರಚನೆ ಯೂಕ್ಯಾರಿಯೋಟ್‌ಗಳ ಎರಡನೆಯ ಆರ್‌ಎನ್‌ಎ ಪಾಲಿಮರೇಸ್‌ನ ರಚನೆಗೆ ಹತ್ತಿರವಾಗಿದೆ. ಆರಂಭದ ಸ್ಥಾನವನ್ನು ಗುರುತಿಸುವ ಪ್ರೋಟೀನುಗಳೂ ಯೂಕ್ಯಾರಿಯೋಟ್‌ಗಳ ಪ್ರೋಟೀನುಗಳ ಸಂಬಂಧಿಗಳೇ.

ಪ್ರೋಟೀನಿನ ತಯಾರಿಕೆ ಬ್ಯಾಕ್ಟೀರಿಯಾಗಳಲ್ಲಿ ಫಾರ್ಮೈಲ್ ಮಿಥಿಯೋನಿನ್ ಎಂಬ ಮಾರ್ಪಟ್ಟ ಅಮೈನೋ ಆಮ್ಲದಿಂದ ಆರಂಭವಾಗುತ್ತದೆ. ಆರ್ಕಿಯಾಗಳಲ್ಲಿ ಅದು, ಮನುಷ್ಯನ ಕೋಶದ್ರವ್ಯದಲ್ಲಿ ಆಗುವಂತೆ, ಸಾಮಾನ್ಯ ಮಿಥಿಯೋನಿನ್‌ನಿಂದ ಆರಂಭವಾಗುತ್ತದೆ. ಗಂಟಲಮಾರಿ ರೋಗದ ವಿಷವು ಮಾನವನ ಕೋಶದಲ್ಲಿ ಪ್ರೋಟೀನು ತಯಾರಿಕೆಗೆ ನೆರವಾಗುವ ಒಂದು ಅಂಶವನ್ನು ನಿಷ್ಕ್ರಿಯಗೊಳಿಸುತ್ತದೆ. ಅದೇ ಅಂಶ ಆರ್ಕಿಯಾಗಳಲ್ಲಿಯೂ ಇದ್ದು ಅದೇ ವಿಷಕ್ಕೆ ಬಲಿಯಾಗುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಅದಕ್ಕೆ ಸಂವಾದಿಯಾದ ಅಂಶಕ್ಕೆ ಈ ವಿಷದಿಂದ ಬಾಧೆಯಿಲ್ಲ.

ಯೂಕ್ಯಾರಿಯೋಟ್‌ಗಳಲ್ಲಿ ಡಿಎನ್‌ಎಯು ಹಿಸ್ಟೋನ್ ಪ್ರೋಟೀನುಗಳ ಸುತ್ತ ನೂಲಿನಂತೆ ಸುತ್ತಿಕೊಂಡಿರುತ್ತದೆ. ಹಲವು ಆರ್ಕಿಯಾಗಳಲ್ಲಿಯೂ ಹಿಸ್ಟೋನ್‌ಗಳಿವೆ. ಬ್ಯಾಕ್ಟೀರಿಯಾಗಳಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಬೇರೆ ಬಗೆಯ ಪ್ರೋಟೀನುಗಳು ಮಾಡುತ್ತವೆ. ಡಿಎನ್‌ಎಯನ್ನು ದ್ವಿಗುಣಗೊಳಿಸುವ ಮುಖ್ಯ ಪ್ರೋಟೀನುಗಳಲ್ಲಿಯೂ ಆರ್ಕಿಯಾಗಳ ಸಾಮ್ಯ ಯೂಕ್ಯಾರಿಯೋಟ್‌ಗಳ ಕಡೆಗಿದೆ. ಹೀಗೆ ಚಯಾಪಚಯದ ಹಲವು ಜೀನ್‌ಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಹೋಲುವ ಆರ್ಕಿಯಾಗಳು ಮಾಹಿತಿಯ ನಿರ್ವಹಣೆಯಲ್ಲಿ ಯೂಕ್ಯಾರಿಯೋಟ್‌ಗಳನ್ನು ಹೋಲುತ್ತವೆ.

## ಚಲನೆ ಮತ್ತು ಬೀಜಕಗಳು

ಎರಡೂ ಗುಂಪಿನ ಹಲವು ಜೀವಿಗಳು ತಿರುಗುವ ಕಶಾಂಗದಿಂದ ಈಜುತ್ತವೆ, ಆದರೆ ಈ ಕಶಾಂಗಗಳಿಗೆ ಸಮಾನ ಮೂಲವಿಲ್ಲ. ಬ್ಯಾಕ್ಟೀರಿಯಾಗಳ ಕಶಾಂಗ ಒಳಗೆ ಟೊಳ್ಳಾಗಿದ್ದು ಹೊಸ ಘಟಕಗಳು ಆ ಟೊಳ್ಳಿನ ಮೂಲಕ ಸಾಗಿ ತುದಿಯಲ್ಲಿ ಸೇರುತ್ತವೆ. ಪೊರೆಯ ಮೂಲಕ ಹರಿಯುವ ಅಯಾನುಗಳು ಅದನ್ನು ತಿರುಗಿಸುತ್ತವೆ. ಆರ್ಕಿಯಾಗಳ ಕಶಾಂಗವು ಬುಡದಲ್ಲಿ ಬೆಳೆಯುತ್ತದೆ ಮತ್ತು ಎಟಿಪಿಯ ಶಕ್ತಿಯಿಂದ ತಿರುಗುತ್ತದೆ. ಹಕ್ಕಿ ಮತ್ತು ಬಾವಲಿಯ ರೆಕ್ಕೆಗಳಂತೆ ಇದು ಒಂದೇ ಕಾರ್ಯಕ್ಕಾಗಿ ಪ್ರತ್ಯೇಕವಾಗಿ ವಿಕಾಸಗೊಂಡ ಸಾಧನಗಳ ಉದಾಹರಣೆ.

ಪ್ರತಿಕೂಲ ಕಾಲದಲ್ಲಿ ಬ್ಯಾಸಿಲಸ್ ಮತ್ತು ಕ್ಲಾಸ್ಟ್ರಿಡಿಯಂನಂತಹ ಬ್ಯಾಕ್ಟೀರಿಯಾಗಳು ಗಟ್ಟಿಯಾದ ಅಂತಃಬೀಜಕಗಳನ್ನು ರೂಪಿಸಿ ವರ್ಷಗಟ್ಟಲೆ ಸುಪ್ತವಾಗಿರಬಲ್ಲವು. ಯಾವ ಆರ್ಕಿಯಾದಲ್ಲಿಯೂ ಅಂತಃಬೀಜಕಗಳು ಕಂಡುಬಂದಿಲ್ಲ.

## ಶಕ್ತಿಯ ಸಂಪಾದನೆ

ಜಲಜನಕ, ಇಂಗಾಲದ ಡೈಆಕ್ಸೈಡ್, ಅಸಿಟೇಟ್ ಮೊದಲಾದವುಗಳಿಂದ ಮೀಥೇನ್ ಅನಿಲವನ್ನು ಉತ್ಪಾದಿಸುತ್ತ ಅದರಿಂದಲೇ ಜೀವನ ಸಾಗಿಸುವ ವಿಧಾನವು ಆರ್ಕಿಯಾಗಳಲ್ಲಿ ಮಾತ್ರ ಇದೆ. ಜೌಗು ನೆಲ, ನೀರು ನಿಂತ ಭತ್ತದ ಗದ್ದೆ, ಕೊಳಚೆ ಗುಂಡಿ, ದನ ಮತ್ತು ಕುರಿಗಳ ಹೊಟ್ಟೆ ಮುಂತಾದ ಆಮ್ಲಜನಕವಿಲ್ಲದ ಎಡೆಗಳಲ್ಲಿ ಇವು ನೆಲೆಸಿವೆ.

ಪತ್ರಹರಿತ್ತಿನ ನೆರವಿನಿಂದ ನಡೆಯುವ ದ್ಯುತಿಸಂಶ್ಲೇಷಣೆ ಇದಕ್ಕೆ ವಿರುದ್ಧವಾಗಿ ಬ್ಯಾಕ್ಟೀರಿಯಾಗಳ ಸೃಷ್ಟಿ. ಸಯನೋಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಿಡುಗಡೆ ಮಾಡುತ್ತ ವಾತಾವರಣವನ್ನೇ ಬದಲಾಯಿಸಿದವು. ಸಸ್ಯಗಳ ಹರಿದ್ರೇಣುಗಳು ಅವುಗಳ ವಂಶದವೇ. ಆರ್ಕಿಯಾಗಳಲ್ಲಿ ಈ ಬಗೆಯ ದ್ಯುತಿಸಂಶ್ಲೇಷಣೆ ಇಲ್ಲ. ಉಪ್ಪುನೀರಿನ ಕೆಲವು ಆರ್ಕಿಯಾಗಳು ಮಾತ್ರ ನೇರಳೆ ಬಣ್ಣದ ಒಂದು ಪ್ರೋಟೀನಿನಿಂದ ಬೆಳಕನ್ನು ಹೀರಿ ಪ್ರೋಟಾನುಗಳನ್ನು ಹೊರದೂಡಿ ಶಕ್ತಿ ಪಡೆಯುತ್ತವೆ. 1971ರಲ್ಲಿ ಈ ಪ್ರೋಟೀನನ್ನು ವರ್ಣಿಸಿದಾಗ ಆರ್ಕಿಯಾ ಎಂಬ ಗುಂಪೇ ತಿಳಿದಿರಲಿಲ್ಲವಾದುದರಿಂದ ಅದಕ್ಕೆ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಹೆಸರು ಉಳಿದುಕೊಂಡಿದೆ.

ವಾತಾವರಣದ ಸಾರಜನಕವನ್ನು ಸ್ಥಿರೀಕರಿಸುವ ಸಾಮರ್ಥ್ಯ ಎರಡೂ ಗುಂಪಿನ ಕೆಲವು ಜೀವಿಗಳಿಗಿದೆ. ಅಮೋನಿಯವನ್ನು ನೈಟ್ರೈಟ್ ಆಗಿ ಪರಿವರ್ತಿಸುವ ಕೆಲಸ ಬ್ಯಾಕ್ಟೀರಿಯಾಗಳಿಗೆ ಮೀಸಲೆಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯವೊಂದರಿಂದ ಬೇರ್ಪಡಿಸಿದ ನೈಟ್ರೊಸೊಪ್ಯೂಮಿಲಸ್ ಎಂಬ ಆರ್ಕಿಯಾವು ಅದೇ ಕೆಲಸ ಮಾಡುವುದು ತಿಳಿದುಬಂದಿತು.

## ಆವಾಸಗಳು

ಮೊದಲು ತಿಳಿದುಬಂದ ಆರ್ಕಿಯಾಗಳಲ್ಲಿ ಹಲವು ಕುದಿಯುವ ಬುಗ್ಗೆ, ತೀಕ್ಷ್ಣ ಆಮ್ಲ ಮತ್ತು ದಟ್ಟ ಉಪ್ಪುನೀರಿನಲ್ಲಿ ಬಾಳುವಂಥವು. ಮೆಥನೋಪೈರಸ್ ಕಾಂಡ್ಲೆರಿಯ ಒಂದು ತಳಿ ಅಧಿಕ ಒತ್ತಡದಲ್ಲಿ 122 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಬೆಳೆದಿದೆ. ಪಿಕ್ರೊಫಿಲಸ್ ಎಂಬುದು ಪಿಎಚ್ ಮೌಲ್ಯ ಸೊನ್ನೆಗೆ ಹತ್ತಿರವಿರುವ ಆಮ್ಲದಲ್ಲಿ ಬೆಳೆಯುತ್ತದೆ. ಉಪ್ಪಿನ ಆಗರಗಳ ನೀರು ಇಂಗಿ ದಟ್ಟವಾದಾಗ ಮೂಡುವ ಕೆಂಪು ಬಣ್ಣಕ್ಕೆ ಬಹುಮಟ್ಟಿಗೆ ಉಪ್ಪುಪ್ರಿಯ ಆರ್ಕಿಯಾಗಳು ಕಾರಣ.

ಆದರೆ ವಿಪರೀತ ಪರಿಸರದಲ್ಲಿ ಬಾಳುವುದೇ ಆರ್ಕಿಯಾಗಳ ಲಕ್ಷಣವೆಂದು ತಿಳಿಯುವುದು ಸರಿಯಲ್ಲ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ಸಂಗಡಿಗರು ಎರಡೂ ಗುಂಪಿನ ಜೀವಿಗಳನ್ನು ಕಂಡುಹಿಡಿದರು. 1969ರಲ್ಲಿ ವರ್ಣಿಸಿದ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾ. 1972ರಲ್ಲಿ ವರ್ಣಿಸಿದ ಸಲ್ಫೊಲೋಬಸ್ ಆರ್ಕಿಯಾ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಪರೀಕ್ಷೆಯಲ್ಲಿ ಬಳಕೆಯಾಗುವ ಟಾಕ್ ಕಿಣ್ವ ದೊರೆತದ್ದು ಮೊದಲನೆಯದರಿಂದ. ನಕಲಿನಲ್ಲಿ ತಪ್ಪುಗಳು ಕಡಿಮೆಯಿರಬೇಕಾದಾಗ ಪೈರೊಕಾಕಸ್ ಎಂಬ ಆರ್ಕಿಯಾದ ಕಿಣ್ವವನ್ನು ಬಳಸುತ್ತಾರೆ. ಅದಕ್ಕೆ ತಾನು ಮಾಡಿದ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿಯಿದೆ. ಟಾಕ್ ಕಿಣ್ವಕ್ಕೆ ಇಲ್ಲ.

1992ರಲ್ಲಿ ಸಾಧಾರಣ ಸಮುದ್ರದ ನೀರಿನಲ್ಲಿಯೂ ಆರ್ಕಿಯಾಗಳಿರುವುದು ಆರ್‌ಎನ್‌ಎ ಜೀನ್‌ಗಳ ಪರೀಕ್ಷೆಯಿಂದ ಗೊತ್ತಾಯಿತು. ಮಣ್ಣು, ಕೆರೆಯ ತಳ ಮತ್ತು ಮಾನವನ ಕರುಳಿನಲ್ಲಿಯೂ ಅವು ಇವೆ. 2018ರ ಒಂದು ಅಂದಾಜಿನ ಪ್ರಕಾರ ಭೂಮಿಯ ಬ್ಯಾಕ್ಟೀರಿಯಾಗಳ ದೇಹಗಳಲ್ಲಿ ಸುಮಾರು 70 ಶತಕೋಟಿ ಟನ್, ಆರ್ಕಿಯಾಗಳ ದೇಹಗಳಲ್ಲಿ ಸುಮಾರು 7 ಶತಕೋಟಿ ಟನ್ ಇಂಗಾಲವಿದೆ. ಎಲ್ಲ ಪ್ರಾಣಿಗಳ ಪಾಲು ಸುಮಾರು 2 ಶತಕೋಟಿ ಟನ್ ಮಾತ್ರ.

## ರೋಗ ಮತ್ತು ಪ್ರತಿಜೀವಕಗಳು

ಕ್ಷಯ, ಕಾಲರಾ, ಟೈಫಾಯ್ಡ್, ಪ್ಲೇಗ್, ಧನುರ್ವಾಯು ಮೊದಲಾದ ರೋಗಗಳಿಗೆ ಬ್ಯಾಕ್ಟೀರಿಯಾಗಳು ಕಾರಣ. ಆರ್ಕಿಯಾ ಒಂದು ತಾನಾಗಿಯೇ ಮಾನವನಲ್ಲಿ ರೋಗವನ್ನುಂಟು ಮಾಡುತ್ತದೆಂದು ಖಚಿತವಾಗಿ ಸಿದ್ಧಪಟ್ಟಿಲ್ಲ. ಒಸಡಿನ ರೋಗವಿರುವವರ ಬಾಯಿಯಲ್ಲಿ ಕೆಲವು ಮೀಥೇನ್ ಜನಕಗಳು ಹೆಚ್ಚಾಗಿ ಕಂಡುಬಂದಿವೆಯಾದರೂ ಅವು ರೋಗಕ್ಕೆ ಕಾರಣವೆಂಬುದು ಸ್ಥಾಪಿತವಾಗಿಲ್ಲ.

ಪ್ರತಿಜೀವಕಗಳು ಎರಡು ಗುಂಪುಗಳ ವ್ಯತ್ಯಾಸವನ್ನು ಎತ್ತಿ ತೋರಿಸುತ್ತವೆ. ಪೆನಿಸಿಲಿನ್ ಪೆಪ್ಟಿಡೋಗ್ಲೈಕಾನ್ ಬಲೆಯ ಹೆಣಿಗೆಯನ್ನು ತಡೆಯುತ್ತದೆ. ಆ ಬಲೆಯೇ ಇಲ್ಲದ ಆರ್ಕಿಯಾಗಳಿಗೆ ಅದರಿಂದ ಹಾನಿಯಿಲ್ಲ. ಕ್ಷಯರೋಗದ ಚಿಕಿತ್ಸೆಯಲ್ಲಿ ಬಳಸುವ ರಿಫಾಂಪಿಸಿನ್ ಬ್ಯಾಕ್ಟೀರಿಯಾಗಳ ಆರ್‌ಎನ್‌ಎ ಪಾಲಿಮರೇಸ್‌ಗೆ ಅಂಟಿಕೊಳ್ಳುತ್ತದೆ. ಆರ್ಕಿಯಾಗಳ ಕಿಣ್ವಕ್ಕೆ ಅಂಟಿಕೊಳ್ಳುವುದಿಲ್ಲ. ಈ ಔಷಧಗಳು ಮಾನವನ ಜೀವಕೋಶಗಳನ್ನು ಕೊಲ್ಲದಿರುವುದಕ್ಕೂ ಇದೇ ಬಗೆಯ ಕಾರಣವಿದೆ: ಅವು ಗುರಿಯಿಡುವ ರಚನೆಗಳು ಅಲ್ಲಿಯೂ ಇಲ್ಲ ಅಥವಾ ಬೇರೆ ಬಗೆಯಾಗಿವೆ.

## ಪರಸ್ಪರ ಅವಲಂಬನೆ

ನಿಸರ್ಗದಲ್ಲಿ ಎರಡು ಗುಂಪುಗಳು ಹಲವೆಡೆ ಜೊತೆಯಾಗಿ ಕೆಲಸ ಮಾಡುತ್ತವೆ. ಇದಕ್ಕೆ ಗೋಬರ್ ಅನಿಲ ಸ್ಥಾವರ ಒಳ್ಳೆಯ ಉದಾಹರಣೆ. ಸಗಣಿಯಲ್ಲಿರುವ ನಾರು ಮತ್ತು ಇತರ ವಸ್ತುಗಳನ್ನು ಮೊದಲು ಬ್ಯಾಕ್ಟೀರಿಯಾಗಳು ಒಡೆದು ಸಕ್ಕರೆ, ಸಾವಯವ ಆಮ್ಲ, ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳನ್ನಾಗಿ ಮಾಡುತ್ತವೆ. ಕೊನೆಯ ಹಂತದಲ್ಲಿ ಆರ್ಕಿಯಾಗಳು ಜಲಜನಕ ಮತ್ತು ಅಸಿಟೇಟನ್ನು ಬಳಸಿ ಮೀಥೇನ್ ತಯಾರಿಸುತ್ತವೆ. ಜಲಜನಕ ಕೂಡಿಕೊಂಡರೆ ಬ್ಯಾಕ್ಟೀರಿಯಾಗಳ ಕೆಲಸ ನಿಲ್ಲುತ್ತದೆ. ಬ್ಯಾಕ್ಟೀರಿಯಾಗಳಿಲ್ಲದಿದ್ದರೆ ಆರ್ಕಿಯಾಗಳಿಗೆ ಆಹಾರವಿಲ್ಲ. ಆಮ್ಲಗಳು ಹೆಚ್ಚಾಗಿ ಆರ್ಕಿಯಾಗಳು ಸೊರಗಿದಾಗ ಸ್ಥಾವರದಲ್ಲಿ ಉರಿಯುವ ಅನಿಲ ಕಡಿಮೆಯಾಗುತ್ತದೆ. ಕರ್ನಾಟಕದಲ್ಲಿ 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಅನಿಲದ ಪ್ರಯೋಗ ನಡೆಸಿತು. ಅಲ್ಲಿ ಆ ಅನಿಲದಿಂದ ವಿದ್ಯುತ್ ಉತ್ಪಾದಿಸಿ ದೀಪಗಳಿಗೂ ನೀರೆತ್ತಲೂ ಬಳಸಲಾಯಿತು.

ದನಗಳ ಹೊಟ್ಟೆಯಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ಅಲ್ಲಿ ಉತ್ಪತ್ತಿಯಾಗುವ ಮೀಥೇನ್ ಬಹುಪಾಲು ತೇಗಿನ ಮೂಲಕ ಹೊರಬಂದು ಭೂಮಿಯ ತಾಪ ಹೆಚ್ಚಲು ಕಾರಣವಾಗುತ್ತದೆ. ಹುಲ್ಲನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳು ದನಕ್ಕೆ ಅತ್ಯಗತ್ಯವಾದುದರಿಂದ ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲುವ ಉಪಾಯ ಇಲ್ಲಿ ಪ್ರಯೋಜನವಿಲ್ಲ. 3-ನೈಟ್ರಾಕ್ಸಿಪ್ರೊಪನಾಲ್ ಎಂಬ ವಸ್ತು ಮೀಥೇನ್ ತಯಾರಿಕೆಯ ಕೊನೆಯ ಹಂತದ ಕಿಣ್ವವನ್ನು ಮಾತ್ರ ತಡೆಯುತ್ತದೆ. ಹೈನುರಾಸುಗಳ ಮೇವಿನಲ್ಲಿ ಇದರ ಬಳಕೆಗೆ ಯುರೋಪಿಯನ್ ಒಕ್ಕೂಟವು 2022ರಲ್ಲಿ ಒಪ್ಪಿಗೆ ನೀಡಿತು.

## ಯೂಕ್ಯಾರಿಯೋಟ್‌ಗಳ ಮೂಲ

ಸಸ್ಯ, ಪ್ರಾಣಿ ಮತ್ತು ಶಿಲೀಂಧ್ರಗಳ ಜೀವಕೋಶದ ಹುಟ್ಟಿನಲ್ಲಿ ಎರಡೂ ಗುಂಪುಗಳ ಪಾಲಿದೆ. ಮೈಟೊಕಾಂಡ್ರಿಯವು ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾದ ವಂಶಜವೆಂಬ ವಿಚಾರವನ್ನು ಲಿನ್ ಮಾರ್ಗುಲಿಸ್ ಅವರು 1967ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಅದು ಈಗ ಸರ್ವಸಮ್ಮತ. ಆ ಬ್ಯಾಕ್ಟೀರಿಯಾವನ್ನು ಒಳಗೆ ಸೇರಿಸಿಕೊಂಡ ಕೋಶ ಆರ್ಕಿಯಾ ಆಗಿತ್ತೆಂಬುದಕ್ಕೆ 2015ರಲ್ಲಿ ಬಲವಾದ ಸಾಕ್ಷ್ಯ ದೊರೆಯಿತು. ಆರ್ಕ್ಟಿಕ್ ಮಧ್ಯಸಾಗರ ದಿಣ್ಣೆಯಲ್ಲಿ, 'ಲೋಕಿಯ ಕೋಟೆ' ಎಂಬ ಬಿಸಿನೀರಿನ ಚಿಲುಮೆಗಳ ಸಮೀಪದ ಕೆಸರಿನ ಡಿಎನ್‌ಎಯನ್ನು ಪರೀಕ್ಷಿಸಿದ ತೀಸ್ ಎಟೆಮಾ ಅವರ ತಂಡವು ಲೋಕಿಆರ್ಕಿಯಾ ಎಂಬ ಗುಂಪನ್ನು ಗುರುತಿಸಿತು. ಯೂಕ್ಯಾರಿಯೋಟ್‌ಗಳಿಗೆ ಮಾತ್ರ ಸೇರಿದವೆಂದು ತಿಳಿಯಲಾಗಿದ್ದ ಹಲವು ಪ್ರೋಟೀನುಗಳ ಜೀನ್‌ಗಳು ಅದರಲ್ಲಿದ್ದವು. ಇದರ ಸಂಬಂಧಿಗಳನ್ನು ಈಗ ಅಸ್ಗಾರ್ಡ್ ಆರ್ಕಿಯಾಗಳು ಎನ್ನುತ್ತಾರೆ.

ಜಪಾನಿನ ವಿಜ್ಞಾನಿಗಳು ಸಾಗರತಳದ ಕೆಸರಿನಿಂದ ಇಂತಹ ಒಂದು ಜೀವಿಯನ್ನು ಹನ್ನೆರಡು ವರ್ಷಗಳ ಪ್ರಯತ್ನದಿಂದ ಬೆಳೆಸಿ 2020ರಲ್ಲಿ ವಿವರಗಳನ್ನು ಪ್ರಕಟಿಸಿದರು. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾವು ಅನುಕೂಲ ಪರಿಸರದಲ್ಲಿ 20 ನಿಮಿಷಗಳಲ್ಲಿ ಎರಡಾದರೆ, ಈ ಜೀವಿಗೆ 14ರಿಂದ 25 ದಿನಗಳು ಬೇಕು. ಅದರ ಕೋಶದಿಂದ ಉದ್ದವಾದ ಕವಲು ಚಾಚುಗಳು ಹೊರಡುತ್ತವೆ; ಅದು ಇತರ ಸೂಕ್ಷ್ಮಜೀವಿಗಳ ಒಡನಾಟದಲ್ಲಿಯೇ ಬೆಳೆಯುತ್ತದೆ.

ಇಲ್ಲಿ ಬಿಡಿಸಲಾಗದ ಒಂದು ಒಗಟು ಉಳಿದಿದೆ. ಯೂಕ್ಯಾರಿಯೋಟ್‌ಗಳು ಆರ್ಕಿಯಾಗಳಿಂದ ಬಂದಿದ್ದರೂ ಅವುಗಳ ಕೋಶಪೊರೆಯ ಲಿಪಿಡ್‌ಗಳು ಬ್ಯಾಕ್ಟೀರಿಯಾಗಳ ಮಾದರಿಯವು. ಈ ಬದಲಾವಣೆ ಯಾವಾಗ, ಹೇಗೆ ನಡೆಯಿತೆಂಬುದು ಇನ್ನೂ ಸಂಶೋಧನೆಯ ವಿಷಯ.

## ಹೋಲಿಕೆಯ ಪಟ್ಟಿ

| ಲಕ್ಷಣ | ಬ್ಯಾಕ್ಟೀರಿಯಾ | ಆರ್ಕಿಯಾ | ಯೂಕ್ಯಾರಿಯೋಟ್ |
|---|---|---|---|
| ಕೋಶಕೇಂದ್ರ | ಇಲ್ಲ | ಇಲ್ಲ | ಇದೆ |
| ಪೊರೆಯ ಲಿಪಿಡ್ | ಕೊಬ್ಬಿನಾಮ್ಲ, ಎಸ್ಟರ್ ಬಂಧ | ಐಸೊಪ್ರೀನ್ ಸರಪಳಿ, ಈಥರ್ ಬಂಧ | ಕೊಬ್ಬಿನಾಮ್ಲ, ಎಸ್ಟರ್ ಬಂಧ |
| ಪೆಪ್ಟಿಡೋಗ್ಲೈಕಾನ್ | ಬಹುತೇಕ ಎಲ್ಲದರಲ್ಲಿ ಇದೆ | ಇಲ್ಲ | ಸಾಮಾನ್ಯವಾಗಿ ಇಲ್ಲ |
| ರೈಬೋಸೋಮ್ | 70ಎಸ್ | 70ಎಸ್ | 80ಎಸ್ |
| ಪ್ರೋಟೀನಿನ ಆರಂಭ | ಫಾರ್ಮೈಲ್ ಮಿಥಿಯೋನಿನ್ | ಮಿಥಿಯೋನಿನ್ | ಮಿಥಿಯೋನಿನ್ |
| ಹಿಸ್ಟೋನ್ | ಸಾಮಾನ್ಯವಾಗಿ ಇಲ್ಲ | ಹಲವುಗಳಲ್ಲಿ ಇದೆ | ಇದೆ |
| ಮೀಥೇನ್ ಉತ್ಪಾದಿಸಿ ಬಾಳುವುದು | ಇಲ್ಲ | ಕೆಲವುಗಳಲ್ಲಿ | ಇಲ್ಲ |
| ಪತ್ರಹರಿತ್ತಿನ ದ್ಯುತಿಸಂಶ್ಲೇಷಣೆ | ಕೆಲವುಗಳಲ್ಲಿ | ಇಲ್ಲ | ಸಸ್ಯ ಮತ್ತು ಶೈವಲಗಳಲ್ಲಿ |
| ಅಂತಃಬೀಜಕ | ಕೆಲವುಗಳಲ್ಲಿ | ಇಲ್ಲ | ಇಲ್ಲ |

## ಹೆಸರು ಮತ್ತು ವರ್ಗೀಕರಣದ ಚರ್ಚೆ

ಆರ್ಕಿಯಾ ಎಂಬ ಪದ 'ಪುರಾತನ' ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ಗಳನ್ನು ಅವಲಂಬಿಸಿದ ಮೀಥೇನ್ ಜನಕಗಳ ಜೀವನ ಆದಿಕಾಲದ ಭೂಮಿಗೆ ಒಪ್ಪುವಂತಿದೆ ಎಂಬ ಭಾವನೆಯಿಂದ ಈ ಹೆಸರನ್ನು ಆರಿಸಲಾಯಿತು. ಆದರೆ ಇಂದಿನ ಆರ್ಕಿಯಾಗಳು ಇಂದಿನ ಬ್ಯಾಕ್ಟೀರಿಯಾಗಳಿಗಿಂತ ಹಳೆಯವೆಂದು ಇದರ ಅರ್ಥವಲ್ಲ. ಮೆಥನೋಬ್ಯಾಕ್ಟೀರಿಯಂ, ಹ್ಯಾಲೊಬ್ಯಾಕ್ಟೀರಿಯಂ ಮುಂತಾದ ಹಳೆಯ ಹೆಸರುಗಳು ಬಳಕೆಯಲ್ಲಿ ಉಳಿದಿದ್ದರೂ ಅವು ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾಗಳು.

ಭಾರತದ ಪದವಿಪೂರ್ವ ತರಗತಿಗಳ ಪಠ್ಯಗಳಲ್ಲಿ ರಾಬರ್ಟ್ ವಿಟೇಕರ್ ಅವರು 1969ರಲ್ಲಿ ರೂಪಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣ ಬಳಕೆಯಲ್ಲಿದೆ. ಅದರಂತೆ ಎರಡೂ ಗುಂಪುಗಳು ಮೊನೆರ ಎಂಬ ಒಂದೇ ಸಾಮ್ರಾಜ್ಯಕ್ಕೆ ಸೇರುತ್ತವೆ. ಈ ವರ್ಗೀಕರಣ ರೂಪುಗೊಂಡಾಗ ವೋಸ್ ಅವರ ಫಲಿತಾಂಶಗಳು ಇನ್ನೂ ಬಂದಿರಲಿಲ್ಲ.

ಜೀವಶಾಸ್ತ್ರಜ್ಞ ಅರ್ನ್ಸ್ಟ್ ಮೇಯರ್ ಅವರು 1998ರಲ್ಲಿ ಮೂರು ಡೊಮೇನ್‌ಗಳ ಪದ್ಧತಿಯನ್ನು ಆಕ್ಷೇಪಿಸಿ, ಕೋಶರಚನೆಯ ಆಧಾರದ ಮೇಲೆ ಪ್ರೋಕ್ಯಾರಿಯೋಟ್ ಮತ್ತು ಯೂಕ್ಯಾರಿಯೋಟ್ ಎಂಬ ಎರಡೇ ವಿಭಾಗಗಳು ಸಾಕೆಂದು ವಾದಿಸಿದರು. ನಾರ್ಮನ್ ಪೇಸ್ ಅವರು 2006ರಲ್ಲಿ ಇದಕ್ಕೆ ವಿರುದ್ಧವಾಗಿ, ವಂಶಸಂಬಂಧವನ್ನು ತಪ್ಪಾಗಿ ಸೂಚಿಸುವ ಪ್ರೋಕ್ಯಾರಿಯೋಟ್ ಎಂಬ ಪದವನ್ನೇ ಕೈಬಿಡಬೇಕೆಂದರು. ಅಸ್ಗಾರ್ಡ್ ಆರ್ಕಿಯಾಗಳ ಶೋಧದ ನಂತರ ಅನೇಕ ಸಂಶೋಧಕರು ಜೀವವೃಕ್ಷಕ್ಕೆ ಎರಡೇ ಮೂಲ ಶಾಖೆಗಳೆಂದೂ, ಒಂದು ಬ್ಯಾಕ್ಟೀರಿಯಾ, ಇನ್ನೊಂದು ಆರ್ಕಿಯಾ ಎಂದೂ, ಯೂಕ್ಯಾರಿಯೋಟ್‌ಗಳು ಆರ್ಕಿಯಾ ಶಾಖೆಯೊಳಗೆ ಹುಟ್ಟಿದ ಕವಲೆಂದೂ ಅಭಿಪ್ರಾಯಪಡುತ್ತಾರೆ. ಪ್ರೋಕ್ಯಾರಿಯೋಟ್ ಎಂಬ ಪದ ಕೋಶಕೇಂದ್ರವಿಲ್ಲದ ಜೀವಿ ಎಂಬ ವಿವರಣೆಯಾಗಿ ಇಂದಿಗೂ ಬಳಕೆಯಲ್ಲಿದೆ. ಒಂದು ವಂಶದ ಹೆಸರಾಗಿ ಅದನ್ನು ಪರಿಗಣಿಸುವುದಿಲ್ಲ.